ಗಂಗಾಮೂಲದಿಂದ ಕೃಪಾ ಸದನಕ್ಕೆ

ಶೃಂಗೇರಿಯಿಂದ ಕಾರ್ಕಳದ ದಾರಿ ಹಿಡಿದರೆ ನೆಮ್ಮಾರು ಕಳೆದ ಮೇಲೆ ಕೆರೆಕಟ್ಟೆ ಸಿಗುತ್ತದೆ. ಕೆರೆಕಟ್ಟೆಯಿಂದ ಮುಂದೆ ಊರು ಕಡಿಮೆ, ಕಾಡೇ ಹೆಚ್ಚು. ಆ ಕಡೆಯ ಮಳೆಗಾಲವನ್ನು ಒಮ್ಮೆ ಕಂಡವರು ಬೇರೆ ಊರಿನ ಮಳೆಯನ್ನು ಮಳೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇನ್ನಷ್ಟು ಮುಂದೆ ಹೋದರೆ ಎಸ್. ಕೆ. ಬಾರ್ಡರ್. ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ ಎಂಬ ಹೆಸರು ಅದಕ್ಕೆ ಹಾಗೇ ಉಳಿದುಬಿಟ್ಟಿದೆ. ಅಲ್ಲಿಂದ ಒಂದು ದಾರಿ ಘಾಟಿ ಇಳಿದು ಮಾಳ, ಬಜಗೋಳಿಯ ಮೇಲೆ ಕಾರ್ಕಳಕ್ಕೆ ಹೋಗುತ್ತದೆ. ಇನ್ನೊಂದು ದಾರಿ ಕುದುರೆಮುಖ, ಕಳಸದ ಕಡೆಗೆ. ಈ ಎರಡನೆಯ ದಾರಿಯ ಪಕ್ಕದ ಕಾಡಿನಲ್ಲಿದೆ ಗಂಗಾಮೂಲ. ತುಂಗೆ, ಭದ್ರೆ, ನೇತ್ರಾವತಿ ಮೂವರಿಗೂ ಅದೇ ತವರು. ತುಂಗೆ ಶೃಂಗೇರಿಯ ಶಾರದೆಯ ಪಾದ ಮುಟ್ಟಲು ಹೊರಡುತ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರು ನೋಡಿಕೊಂಡು ನರಸಿಂಹರಾಜಪುರದ ಕಡೆಗೆ ಹೋಗುತ್ತಾಳೆ. ನೇತ್ರಾವತಿ ಮಾತ್ರ ಅಕ್ಕಂದಿರ ಜೊತೆ ಬಿಟ್ಟು ಪಡುವಣ ಕಡಲಿಗೆ ಇಳಿಯುತ್ತಾಳೆ.

ನಮ್ಮ ಕಡೆಯ ಹೆಂಗಸರಿಗೆ ಗಂಗಾಮೂಲವೆಂದರೆ ಈ ಮೂರು ನದಿಗಳ ಕತೆ. ನಾಲ್ಕನೆಯ ಒಬ್ಬಳೂ ಅಲ್ಲಿ ಹುಟ್ಟಿದಳೆಂಬುದು ಬಹಳ ಮಂದಿಗೆ ಗೊತ್ತಿಲ್ಲ. 1858ರ ಏಪ್ರಿಲ್ 23ರಂದು ಆ ಕಾಡಿನ ಒಂದು ಪರ್ಣಶಾಲೆಯಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ರಮಾ ಎಂದು ಹೆಸರಿಟ್ಟರು. ಮುಂದೆ ಲೋಕ ಅವರನ್ನು ಪಂಡಿತಾ ರಮಾಬಾಯಿ ಎಂದು ಕರೆಯಿತು. ವಿಧವೆಯರಿಗೆ ಶಾಲೆ ತೆರೆದವರು, ಸಂಸ್ಕೃತದಲ್ಲಿ ಕಲ್ಕತ್ತೆಯ ಪಂಡಿತರನ್ನೇ ಬೆರಗುಗೊಳಿಸಿದವರು, ಕ್ರೈಸ್ತ ಮತಕ್ಕೆ ಸೇರಿ ಪುಣೆಯವರ ಸಿಟ್ಟಿಗೆ ಗುರಿಯಾದವರು ಎಂದು ಅವರ ವಿಷಯವನ್ನು ನಾವು ಪಾಠಪುಸ್ತಕದಲ್ಲಿ ಎರಡು ಸಾಲು ಓದಿರುತ್ತೇವೆ. ಆ ಎರಡು ಸಾಲಿನ ಹಿಂದೆ ಇನ್ನೊಂದು ಕತೆ ಇದೆ. ಅದು ಪಾಪದ ಕತೆ, ಕೃಪೆಯ ಕತೆ. ನನಗೆ ಅದು ಒಬ್ಬ ಕ್ರೈಸ್ತ ಹೆಂಗಸಿನ ಕತೆಯಾಗಿ ಮಾತ್ರ ಕಾಣುವುದಿಲ್ಲ. ನಮ್ಮ ಮನೆಗಳ ಒಳಕೋಣೆಗಳಲ್ಲಿ ಸದ್ದಿಲ್ಲದೆ ಬದುಕಿ ಹೋದ ಎಷ್ಟೋ ಹೆಂಗಸರ ಕತೆಯೂ ಅದರಲ್ಲಿ ಸೇರಿಕೊಂಡಿದೆ.

ಮೊದಲು ತಂದೆಯ ವಿಷಯ ಹೇಳಬೇಕು. ಅನಂತ ಶಾಸ್ತ್ರಿ ಡೋಂಗ್ರೆ ಘಾಟಿಯ ಕೆಳಗಿನ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣರು. ಕಲಿಯಲು ಪುಣೆಗೆ ಹೋಗಿದ್ದಾಗ ಪೇಶ್ವೆಯ ಅರಮನೆಯಲ್ಲಿ ಹೆಂಗಸೊಬ್ಬರು ಸಂಸ್ಕೃತ ಕಲಿಯುತ್ತಿದ್ದುದು ಅವರ ಮನಸ್ಸಿನಲ್ಲಿ ನಿಂತುಬಿಟ್ಟಿತು. ತಾನೂ ತನ್ನ ಹೆಂಡತಿಗೆ ಕಲಿಸಬೇಕೆಂದು ಹೊರಟರು. ಮೊದಲ ಹೆಂಡತಿಗೆ ಅದು ಹಿಡಿಸಲಿಲ್ಲ. ಆಕೆ ತೀರಿಕೊಂಡ ಮೇಲೆ, ಯಾತ್ರೆ ಹೋದಾಗ ಗೋದಾವರಿಯ ತೀರದಲ್ಲಿ ಒಂಬತ್ತು ವರ್ಷದ ಲಕ್ಷ್ಮಿಯನ್ನು ಮದುವೆಯಾಗಿ ಕರೆತಂದರು. ಆಗ ಅವರಿಗೆ ನಲವತ್ತು ದಾಟಿತ್ತು. ಈ ಮದುವೆಯನ್ನು ಇಂದು ನಾವು ಒಪ್ಪಲಾರೆವು. ಆದರೆ ಆ ಹುಡುಗಿಗೆ ಅವರು ಸಂಸ್ಕೃತ ಕಲಿಸಿದ್ದನ್ನು ಅಂದಿನವರು ಒಪ್ಪಲಿಲ್ಲ. ಹೆಣ್ಣಿಗೆ ದೇವಭಾಷೆ ಕಲಿಸಿದ ತಪ್ಪಿಗೆ ಉಡುಪಿಯಲ್ಲಿ ಸುಮಾರು ನಾನೂರು ಮಂದಿ ವಿದ್ವಾಂಸರ ಮುಂದೆ ಅವರು ಉತ್ತರ ಹೇಳಬೇಕಾಯಿತು. ವೇದವನ್ನು ಬಿಟ್ಟು ಪುರಾಣ, ಕಾವ್ಯಗಳನ್ನು ಹೆಣ್ಣು ಓದಬಹುದೆಂದು ಶಾಸ್ತ್ರಾಧಾರ ಕೊಟ್ಟು ಗೆದ್ದು ಬಂದರು. ಸಭೆಯಲ್ಲಿ ಗೆದ್ದರೂ ಊರಿನಲ್ಲಿ ನೆಮ್ಮದಿ ಉಳಿಯಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಘಾಟಿ ಹತ್ತಿ ಗಂಗಾಮೂಲದ ಕಾಡಿಗೆ ಬಂದರು.

ಮೊದಲ ರಾತ್ರಿ ಅಲ್ಲಿ ತಲೆಯ ಮೇಲೆ ಸೂರಿರಲಿಲ್ಲವಂತೆ. ಕಣಿವೆಯ ಆಚೆ ಹುಲಿ ಕೂಗುತ್ತಿತ್ತು. ಎಳೆಯ ಹೆಂಡತಿ ದುಪ್ಪಟಿ ಸುತ್ತಿಕೊಂಡು ನೆಲದ ಮೇಲೆ ನಡುಗುತ್ತ ಮಲಗಿದ್ದಳು. ಗಂಡ ಬೆಳಗಿನವರೆಗೆ ಕಾವಲು ಕೂತಿದ್ದ. ಆಮೇಲೆ ಮನೆ ಎದ್ದಿತು, ವಿದ್ಯಾರ್ಥಿಗಳು ಬಂದರು, ಯಾತ್ರಿಕರು ಬಂದರು. ಬಂದವರಿಗೆಲ್ಲ ಊಟ ಹಾಕಿ ಹಾಕಿ ಇದ್ದ ಆಸ್ತಿ ಕರಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿದ್ದರು. ಹಾಗೆ ಘಾಟಿ ಬಿಟ್ಟ ಕೂಸಿಗೆ ಮುಂದೆ ಹದಿನಾರು ವರ್ಷ ದಾರಿಯೇ ಮನೆಯಾಯಿತು.

ಆ ದಾರಿಯ ಮೇಲಿನ ಬದುಕನ್ನು ರಮಾಬಾಯಿಯವರು ಮುಂದೆ ಬರೆದಿಟ್ಟಿದ್ದಾರೆ. ದೇವಸ್ಥಾನದ ಕಟ್ಟೆಯ ಮೇಲೆ, ನದಿಯ ದಂಡೆಯ ಮೇಲೆ ಕೂತು ತಂದೆ ತಾಯಿ ಪುರಾಣ ಓದುತ್ತಿದ್ದರು. ಕೇಳಿದವರು ಹೂವು, ಹಣ್ಣು, ದುಡ್ಡು ಇಟ್ಟು ಹೋಗುತ್ತಿದ್ದರು. ಬಂದದ್ದರಲ್ಲಿ ಹೊಟ್ಟೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ದಾನ ಮಾಡುತ್ತಿದ್ದರು. ನಸುಕಿನಲ್ಲಿ ತಾಯಿ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಒಂದೊಂದು ಕ್ಷೇತ್ರದಲ್ಲಿ ಒಂದೊಂದು ವ್ರತ, ಒಂದೊಂದು ಸ್ನಾನ, ಇಷ್ಟು ಪ್ರದಕ್ಷಿಣೆ, ಇಷ್ಟು ಉಪವಾಸ. ಪಾಪ ಕಳೆಯಬೇಕು, ಪುಣ್ಯ ಕೂಡಬೇಕು. ಇಡೀ ಸಂಸಾರ ಒಂದು ದೊಡ್ಡ ಲೆಕ್ಕದ ಪುಸ್ತಕವನ್ನು ಹೊತ್ತುಕೊಂಡು ದೇಶ ಸುತ್ತುತ್ತಿತ್ತು.

1874ರ ಹೊತ್ತಿಗೆ ಮದ್ರಾಸು ಪ್ರಾಂತದ ಕಡೆ ಬರದ ದಿನಗಳು ಶುರುವಾದವು. ಇದ್ದ ದುಡ್ಡು ಹೋಯಿತು, ಪಾತ್ರೆಗಳು ಹೋದವು. ಪುರಾಣ ಕೇಳುವವರೂ ಇಲ್ಲ. ಕೂಲಿ ಮಾಡಿ ತಿನ್ನುವುದಕ್ಕೆ ಜಾತಿಯ ಅಭಿಮಾನ ಅಡ್ಡ ಬಂತು. ತಿರುಪತಿಯ ಕಡೆಯ ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಒಂದು ಹಿಡಿ ಕಾಡು ಖರ್ಜೂರ ತಿಂದು ಬದುಕಿದರು. ಮುದುಕರಾಗಿ ಕಣ್ಣು ಕಳೆದುಕೊಂಡಿದ್ದ ತಂದೆ ತೀರ್ಥದಲ್ಲಿ ಮುಳುಗಿ ಪ್ರಾಣ ಬಿಡಲು ಹೊರಟಿದ್ದರು. ಮಗ ಅಡ್ಡ ನಿಂತು, ಅಭಿಮಾನ ಬಿಟ್ಟು ಕೂಲಿಗಾದರೂ ಹೋಗುತ್ತೇನೆಂದ. ಕಡೆಗೂ ತಂದೆ ಉಳಿಯಲಿಲ್ಲ. ಅವರ ಹಿಂದೆಯೇ ತಾಯಿ ಹೋದರು. ತಾಯಿಯ ಚಟ್ಟ ಹೊರಲು ಬ್ರಾಹ್ಮಣರು ಇಬ್ಬರೇ ಸಿಕ್ಕಿದರು. ಮೂರನೆಯವನು ಮಗ. ನಾಲ್ಕನೆಯ ಹೆಗಲು ಹದಿನಾರು ವರ್ಷದ ರಮಾಳದು. ಗಿಡ್ಡಗಿದ್ದುದರಿಂದ ಹೆಗಲು ಎಟುಕದೆ ತಲೆಯ ಮೇಲೆಯೇ ಹೊತ್ತುಕೊಂಡಳು. ಕೆಲವು ತಿಂಗಳ ಮೇಲೆ ಅಕ್ಕನೂ ಹೋದಳು. ಇಷ್ಟು ಕ್ಷೇತ್ರ ಸುತ್ತಿದ ಪುಣ್ಯ ಎಲ್ಲಿ ಹೋಯಿತು ಎಂಬ ಪ್ರಶ್ನೆ ಅಣ್ಣ ತಂಗಿಯರ ಮನಸ್ಸಿನಲ್ಲಿ ಎದ್ದದ್ದು ಆಗಲೇ. ಸಾವಿರಾರು ಮೈಲಿ ನಡೆದು 1878ರಲ್ಲಿ ಅವರು ಕಲ್ಕತ್ತೆ ಮುಟ್ಟಿದರು.

ಕಲ್ಕತ್ತೆಯ ಪಂಡಿತರು ಆಕೆಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಹೆಣ್ಣಿನ ಧರ್ಮವನ್ನು ಕುರಿತು ಹೆಂಗಸರಿಗೆ ಉಪನ್ಯಾಸ ಮಾಡಿ ಎಂದು ಕೇಳಿಕೊಂಡರು. ಅದಕ್ಕಾಗಿ ಆಕೆ ಮೊದಲ ಸಲ ಧರ್ಮಶಾಸ್ತ್ರಗಳನ್ನು ಹಿಡಿದು ಕೂತರು. ಓದಿ ಮುಗಿಸಿದಾಗ ಆಕೆಗೆ ಕಂಡದ್ದು ಇಷ್ಟು: ಬೇರೆ ಎಲ್ಲ ವಿಷಯಗಳಲ್ಲೂ ಜಗಳವಾಡುವ ಗ್ರಂಥಗಳು ಒಂದು ಮಾತಿನಲ್ಲಿ ಮಾತ್ರ ಒಮ್ಮತಕ್ಕೆ ಬಂದಿವೆ. ಹೆಣ್ಣು ಸ್ವಭಾವದಿಂದಲೇ ಕೆಟ್ಟವಳು, ಹೆಣ್ಣಾಗಿರುವಷ್ಟು ಕಾಲ ಅವಳಿಗೆ ಮೋಕ್ಷವಿಲ್ಲ, ಗಂಡನ ಸೇವೆ ಮಾಡಿ ಮುಂದಿನ ಜನ್ಮಕ್ಕೆ ಕಾಯಬೇಕು. ಮಾತೃಸ್ಥಾನವನ್ನು ಹೊಗಳುವ ಮಾತುಗಳೂ ಆ ಗ್ರಂಥಗಳಲ್ಲಿವೆ ಎಂದು ವಾದಿಸುವವರು ಇದ್ದಾರೆ, ಆ ಮಾತು ಸುಳ್ಳಲ್ಲ. ಆದರೆ ಚಟ್ಟ ಹೊತ್ತ ಹುಡುಗಿಯ ಕಣ್ಣಿಗೆ ಯಾವ ಪುಟ ಮೊದಲು ಬಿದ್ದಿತು ಎಂಬುದನ್ನು ನಾವು ಊಹಿಸಬಹುದು.

ಇಲ್ಲಿ ನನ್ನ ಸೋದರತ್ತೆಯ ನೆನಪು ಬರುತ್ತದೆ. ನಾನು ಕಂಡಂತೆ ಅವರು ಕೆಂಪು ಸೀರೆಯ ಮಡಿ ಹೆಂಗಸು. ಹನ್ನೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಗಂಡನ ಮುಖ ಸರಿಯಾಗಿ ನೆನಪಿಲ್ಲ ಎಂದು ಒಮ್ಮೆ ನನ್ನಮ್ಮನ ಹತ್ತಿರ ಹೇಳಿದ್ದರಂತೆ. ಮನೆಯ ಅಷ್ಟೂ ಕೆಲಸ ಅವರ ಕೈಯಲ್ಲಿ. ಹಬ್ಬ, ಹಸೆಮಣೆ, ಆರತಿ ಎಂದರೆ ಮಾತ್ರ ಹಿತ್ತಲಿಗೆ ಸರಿದು ನಿಲ್ಲುತ್ತಿದ್ದರು. ಯಾರಾದರೂ ಕನಿಕರ ತೋರಿಸಿದರೆ, “ಯಾವ ಜನ್ಮದಲ್ಲಿ ಏನು ಪಾಪ ಮಾಡಿದ್ದೆನೋ ಮಾರಾಯ್ತಿ, ಅದಕ್ಕೆ ಅವರನ್ನು ತಿಂದುಕೊಂಡೆ” ಎನ್ನುತ್ತಿದ್ದರು. ಸೋಮವಾರ, ಏಕಾದಶಿ, ಚಾತುರ್ಮಾಸ್ಯ ಎಂದು ಐವತ್ತು ವರ್ಷ ಉಪವಾಸ ಮಾಡಿದರು. ಆ ಪಾಪ ಎಷ್ಟಿತ್ತು, ಉಪವಾಸದಿಂದ ಎಷ್ಟು ಕಳೆಯಿತು, ಇನ್ನೆಷ್ಟು ಬಾಕಿ ಎಂದು ಹೇಳುವವರು ಯಾರೂ ಇರಲಿಲ್ಲ. ಹೆಂಡತಿಯ ಪೂರ್ವಜನ್ಮದ ಪಾಪವೇ ಗಂಡನನ್ನು ಕೊಲ್ಲುತ್ತದೆಂಬ ಈ ನಂಬಿಕೆಯನ್ನು ರಮಾಬಾಯಿಯವರು 1887ರಲ್ಲಿ ಅಮೆರಿಕದಲ್ಲಿ ಅಚ್ಚಾದ, ಮೇಲ್ಜಾತಿಯ ಹಿಂದೂ ಹೆಂಗಸಿನ ಮೇಲಿನ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಬಿಚ್ಚಿಟ್ಟಿದ್ದಾರೆ. ಅದನ್ನು ಓದುವಾಗ ನಮ್ಮ ಹಿತ್ತಲಿನ ಬಾಗಿಲೇ ನನ್ನ ಕಣ್ಣ ಮುಂದೆ ಬಂತು.

ಆ ಹಣೆಪಟ್ಟಿ ಕೊನೆಗೆ ರಮಾಬಾಯಿಯವರ ಪಾಲಿಗೂ ಬಂತು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರನ್ನು, ಜಾತಿ ಮೀರಿ, ರಿಜಿಸ್ಟರ್ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡ ಹೋದರು. ಕೈಯಲ್ಲಿ ಎಳೆಗೂಸು, ವಯಸ್ಸು ಇಪ್ಪತ್ತಮೂರು. ಅಸ್ಸಾಮಿನ ಸಿಲ್ಚಾರ್‌ನ ಮನೆಯಲ್ಲಿ ಇದ್ದಾಗ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಆಕೆಗೆ ಸಿಕ್ಕಿತ್ತು. ಓದಿ ಇಷ್ಟಪಟ್ಟಿದ್ದರು. ಆದರೆ ಮತ ಬದಲಿಸುವ ಮಾತು ಗಂಡನಿಗೆ ಹಿಡಿಸಿರಲಿಲ್ಲ. ಗಂಡ ಹೋದ ಮೇಲೆ ಪುಣೆಗೆ ಬಂದು ಅಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. 1883ರಲ್ಲಿ ಮಗಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದರು. ಅಲ್ಲಿ ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಉಳಿದರು.

ಆ ಸಂನ್ಯಾಸಿನಿಯರು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ಒಂದು ಮನೆ ನಡೆಸುತ್ತಿದ್ದರು. ಜಗತ್ತು ‘ಕೆಟ್ಟವರು’ ಎಂದು ಹೊರಗೆ ಹಾಕಿದ ಹೆಂಗಸರಿಗೆ ಅದು ಆಶ್ರಯ. ರಮಾಬಾಯಿಯವರನ್ನು ಅಲ್ಲಿಗೂ ಕರೆದುಕೊಂಡು ಹೋದರು. ಒಮ್ಮೆ ಅಲ್ಲಿ ಆಶ್ರಯ ಪಡೆದವರೇ ಈಗ ರೋಗಿಗಳ ಸೇವೆಗೆ ನಿಂತಿರುವುದನ್ನು ಆಕೆ ಕಂಡರು. ಇಂಥವರಿಗೆ ಶಿಕ್ಷೆಯನ್ನಷ್ಟೇ ಹೇಳುವ ಗ್ರಂಥಗಳನ್ನು ಓದಿ ಬಂದಿದ್ದ ಪಂಡಿತೆಗೆ ಇದು ಹೊಸದು. ನಿಮಗೆ ಇವರ ಮೇಲೆ ಇಷ್ಟು ಕರುಣೆ ಎಲ್ಲಿಂದ ಬಂತು ಎಂದು ಕೇಳಿದರು. ಒಬ್ಬ ಸಂನ್ಯಾಸಿನಿ ಉತ್ತರವಾಗಿ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿ ಹೇಳಿದರು. ಬಾವಿಯ ಕಟ್ಟೆಯ ಹತ್ತಿರ ಯೇಸು ಸಮಾರ್ಯದ ಹೆಂಗಸೊಬ್ಬಳ ಹತ್ತಿರ ನೀರು ಕೇಳಿ ಮಾತಿಗೆ ನಿಂತ ಕತೆ ಅದು. ಅವಳು ಬೇರೆ ಕುಲದವಳು, ಐದು ಗಂಡಂದಿರನ್ನು ಕಂಡವಳು, ಉರಿಬಿಸಿಲಿನ ಹೊತ್ತಿನಲ್ಲಿ ಒಬ್ಬಳೇ ನೀರಿಗೆ ಬಂದವಳು. ಅಂಥವಳ ಜೊತೆ ದೇವರ ಮಾತು ಆಡಿದವನನ್ನು ಆಕೆ ಮನಸ್ಸಿನಲ್ಲಿ ಇಟ್ಟುಕೊಂಡರು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಕತೆ ಇಲ್ಲಿಗೆ ಮುಗಿದಿದ್ದರೆ ಅದು ಮತಾಂತರದ ಕತೆಯಾಗುತ್ತಿತ್ತು. ಅದು ಮುಗಿಯಲಿಲ್ಲ. ಕ್ರೈಸ್ತರಾದ ಮೇಲೂ ರಮಾಬಾಯಿಯವರು ತಲೆ ತಗ್ಗಿಸಿ ಕೂರುವವರಾಗಲಿಲ್ಲ. ಮಾಂಸ, ಮೊಟ್ಟೆ ಮುಟ್ಟಲಿಲ್ಲ. ಕೊರಳಿಗೆ ಹಾಕುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕೆ, ಸಂಸ್ಕೃತ ಏಕಾಗಬಾರದು ಎಂದು ಕೇಳಿದರು. ತ್ರಿಯೇಕ ದೇವರ ಸಿದ್ಧಾಂತವನ್ನು, ಪವಾಡಗಳನ್ನು ಪ್ರಶ್ನಿಸಿ ಗುರುಗಳಿಗೆ ಉದ್ದುದ್ದ ಪತ್ರ ಬರೆದರು. ಒಂದು ಪುರೋಹಿತವರ್ಗದ ನೊಗ ಕಿತ್ತೆಸೆದು ಬಂದವಳು ಇನ್ನೊಂದಕ್ಕೆ ಹೆಗಲು ಕೊಡಲಾರೆ ಎಂಬುದು ಆ ಪತ್ರಗಳ ಒಟ್ಟು ಧಾಟಿ. ಇದು ಹೊರಗಿನ ಜಗಳ. ಒಳಗೆ ಇನ್ನೊಂದು ನಡೆಯುತ್ತಿತ್ತು. ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತ ಸಿಕ್ಕಿಲ್ಲ ಎಂದು ಆಕೆಗೆ ಅನ್ನಿಸುತ್ತಿತ್ತು. ಮನಸ್ಸಿನ ಒಳಗಿನ ಪಾಪದ ಭಾರ ಇಳಿದಿರಲಿಲ್ಲ. ಪ್ರಾರ್ಥನೆ, ಓದು, ಸೇವೆ ಎಲ್ಲವೂ ಇತ್ತು. ಹಳೆಯ ಲೆಕ್ಕದ ಪುಸ್ತಕವೇ ಹೊಸ ರಟ್ಟು ಹಾಕಿಕೊಂಡು ಬಂದ ಹಾಗಿತ್ತು.

ಕೃಪೆ ಎಂಬ ಮಾತಿನ ಅರ್ಥವನ್ನು ಇಲ್ಲಿ ಸ್ವಲ್ಪ ಬಿಡಿಸಿಕೊಳ್ಳಬೇಕು. ನಮ್ಮ ಕಡೆ ಕ್ರೈಸ್ತರು ಅಪರೂಪದವರಲ್ಲ. ಕಾಫಿ ತೋಟಗಳ ಜೊತೆ ಮಂಗಳೂರ ಕಡೆಯಿಂದ ಬಂದವರಿದ್ದಾರೆ, ಕೇರಳದಿಂದ ಬಂದು ನರಸಿಂಹರಾಜಪುರ, ಕೊಪ್ಪದ ಕಡೆ ನೆಲೆಸಿದವರಿದ್ದಾರೆ. ಚಿಕ್ಕಮಗಳೂರಿಗೆ ಬಿಷಪ್ ಪೀಠ ಬಂದದ್ದು 1963ರಲ್ಲಿ. ನಮ್ಮ ನೆರೆಯಲ್ಲಿದ್ದ ನಿವೃತ್ತ ಟೀಚರೊಬ್ಬರನ್ನು ನಾನು ಒಮ್ಮೆ ನೇರವಾಗಿ ಕೇಳಿದೆ, “ಟೀಚರ್, ಪಾಪ ಮಾಡಿದವರು ಕ್ಷಮಿಸು ಅಂದುಬಿಟ್ಟರೆ ಮುಗೀತಾ? ಅದು ತುಂಬಾ ಸುಲಭ ಆಗಲಿಲ್ವಾ?” ಅವರು ನಕ್ಕು, “ನೋಡಮ್ಮ, ಕೂಲಿಗೂ ಕೊಡುಗೆಗೂ ವ್ಯತ್ಯಾಸ ಇಲ್ವಾ? ದುಡಿದದ್ದಕ್ಕೆ ಕೊಟ್ಟರೆ ಕೂಲಿ. ದುಡಿಯೋಕೆ ಕೈಲಾಗದೆ ಬಿದ್ದವರನ್ನು ಎತ್ತಿದರೆ ಅದು ಕೃಪೆ. ಸುಲಭ ಅಂತೀಯ, ಕೈಲಾಗಲ್ಲ ಅಂತ ಒಪ್ಪಿಕೊಳ್ಳೋದು ಇದೆಯಲ್ಲ, ಅದರಷ್ಟು ಕಷ್ಟ ಬೇರೆ ಇಲ್ಲ” ಎಂದರು.

ಈ ಕಷ್ಟ ಹಳೆಯದು. ಕ್ರೈಸ್ತ ಮತದ ಆರಂಭದಲ್ಲೇ ಸಂತ ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ, ಒಳ್ಳೆಯದನ್ನು ಮಾಡಬೇಕೆಂದು ಬಯಸುವವನೂ ತಾನೇ, ಬೇಡವೆಂದದ್ದನ್ನು ಮಾಡುವವನೂ ತಾನೇ ಎಂದು ಗೋಳಾಡಿದ್ದಾನೆ. ನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಆಗಸ್ಟೀನ್ ಯೌವನವೆಲ್ಲ ಅಲೆದು, ತಾಯಿ ಮೋನಿಕಾಳ ಕಣ್ಣೀರು ಹರಿಸಿ, ಕೊನೆಗೆ ಮನುಷ್ಯ ತನ್ನ ಬಲದಿಂದ ತಾನು ಏಳಲಾರ, ದೇವರೇ ಮೊದಲು ಕೈ ಚಾಚಬೇಕು ಎಂಬ ನಿಲುವಿಗೆ ಬಂದ. ಪೆಲಾಜಿಯಸ್ ಎಂಬವನು ಇಲ್ಲ, ಮನಸ್ಸು ಮಾಡಿದರೆ ಮನುಷ್ಯ ಸರಿಯಾಗಿ ಬದುಕಬಲ್ಲ ಎಂದು ವಾದಿಸಿದ. ಜರ್ಮನಿಯ ಸಂನ್ಯಾಸಿ ಮಾರ್ಟಿನ್ ಲೂಥರ್ ಸಣ್ಣಪುಟ್ಟ ಪಾಪಗಳನ್ನೆಲ್ಲ ಗುರುವಿನ ಮುಂದೆ ಹೇಳಿ ಹೇಳಿ ದಣಿದ ಮೇಲೆ, ನಂಬಿಕೆಯಿಂದ ಪಡೆಯುವ ಕೃಪೆಯೇ ದಾರಿ ಎಂದು ಕಂಡುಕೊಂಡ. 1517ರಲ್ಲಿ ಅವನು ಎತ್ತಿದ ದನಿಯಿಂದ ಯುರೋಪಿನ ಕ್ರೈಸ್ತರು ಇಬ್ಭಾಗವಾದರು.

ನಮಗೆ ಈ ಜಗಳ ದೂರದ್ದೆಂದು ಅನ್ನಿಸಬೇಕಾಗಿಲ್ಲ. ಶ್ರೀವೈಷ್ಣವರಲ್ಲಿ ಇದೇ ಚರ್ಚೆ ಕೋತಿಮರಿ, ಬೆಕ್ಕಿನಮರಿ ಎಂಬ ಹೆಸರಿನಲ್ಲಿ ನಡೆದಿದೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನಮರಿ ಸುಮ್ಮನೆ ಕೂಗಿದರೆ ಸಾಕು, ತಾಯಿಯೇ ಕುತ್ತಿಗೆ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಭಕ್ತ ಯಾವುದರ ಹಾಗಿರಬೇಕು ಎಂದು ವಡಕಲೈ, ತೆಂಕಲೈ ಎಂಬ ಎರಡು ಪಂಗಡಗಳು ಶತಮಾನಗಳಿಂದ ವಾದಿಸಿಕೊಂಡು ಬಂದಿವೆ. ನಮ್ಮ ಸೋದರತ್ತೆಯಂಥವರು ಜೀವಮಾನವಿಡೀ ಕೋತಿಮರಿಗಳಾಗಿ ಹಿಡಿದುಕೊಂಡೇ ಇದ್ದರು. ಕೈ ಸೋತರೆ ಏನು ಗತಿ ಎಂಬ ಹೆದರಿಕೆ ಅವರಿಗೆ ಒಂದು ದಿನವೂ ಬಿಟ್ಟಿರಲಿಲ್ಲ.

ರಮಾಬಾಯಿಯವರ ಕೈ ಸೋತದ್ದು 1891ರಲ್ಲಿ. ಅಷ್ಟರಲ್ಲಿ ಅವರು ಅಮೆರಿಕಕ್ಕೆ ಹೋಗಿ ಹಣ ಕೂಡಿಸಿ, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದಿದ್ದರು. ಹೊರಗಿನಿಂದ ನೋಡಿದವರಿಗೆ ಗೆದ್ದ ಹೆಂಗಸು. ಆ ದಿನಗಳಲ್ಲಿ ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕತೆ ಆಕೆಯ ಕೈಗೆ ಬಂತು. ಈ ಪಾದ್ರಿ ವರ್ಷಗಟ್ಟಲೆ ಊರಿಗೆಲ್ಲ ಧರ್ಮ ಬೋಧಿಸಿದವನು, ಒಂದು ದಿನ ತನ್ನ ಉಪದೇಶವನ್ನು ತಾನೇ ಕೇಳಿ ಮನಸ್ಸು ತಿರುಗಿದವನು. ಧರ್ಮದ ಒಳಗೇ ಇದ್ದು ಅದರ ಜೀವ ಸಿಕ್ಕದೆ ಇರುವುದು ಸಾಧ್ಯ ಎಂಬುದನ್ನು ಓದಿ ರಮಾಬಾಯಿಯವರು ತಮ್ಮ ಸ್ಥಿತಿಯನ್ನೇ ಅದರಲ್ಲಿ ಕಂಡರು. ಬೈಬಲ್ಲನ್ನು ಮತ್ತೆ ತೆರೆದರು. ಲಕ್ಷಾಂತರ ಜನ್ಮ ಕಾಯಬೇಕಾಗಿಲ್ಲ, ಗಂಡಾಗಿ ಹುಟ್ಟಿ ಬರಬೇಕಾಗಿಲ್ಲ, ವ್ರತದ ಲೆಕ್ಕ ಕೊಡಬೇಕಾಗಿಲ್ಲ, ಕ್ಷಮೆ ಈಗಲೇ, ಇಲ್ಲೇ, ಬಿಟ್ಟಿಯಾಗಿ ಸಿಗುತ್ತದೆ ಎಂದು ಆಕೆಗೆ ಮನದಟ್ಟಾಯಿತು. ತನ್ನಂಥವಳಿಗೆ, ಭಾರತದಲ್ಲಿ ಹುಟ್ಟಿದ ಹೆಣ್ಣಿಗೆ, ಇದು ಎಂಥ ಒಳ್ಳೆಯ ಸುದ್ದಿ ಎಂದು ಆಕೆ 1907ರಲ್ಲಿ ಪ್ರಕಟಿಸಿದ ತಮ್ಮ ಸಾಕ್ಷಿಯ ಪುಸ್ತಕದಲ್ಲಿ ಉದ್ಗರಿಸುತ್ತಾರೆ.

ಈ ಭಾಗವನ್ನು ಓದುವಾಗ ನನಗೆ ಒಂದು ಸಂಗತಿ ಎದ್ದು ಕಾಣುತ್ತದೆ. ರಮಾಬಾಯಿಯವರು ಇಳಿಸಿದ್ದು ಎರಡು ಬೇರೆ ಬೇರೆ ಹೊರೆಗಳನ್ನು. ಮೊದಲನೆಯದು ಬೇರೆಯವರು ಹೊರಿಸಿದ್ದು: ಹೆಣ್ಣಾಗಿ ಹುಟ್ಟಿದ ಪಾಪ, ಗಂಡ ಸತ್ತ ಪಾಪ. ಅದು ಆಕೆ ಮಾಡಿದ ಪಾಪವೇ ಅಲ್ಲ. ಅದನ್ನು ಓದಿನಿಂದ, ವಾದದಿಂದ, ಸಿಟ್ಟಿನಿಂದ ಕಿತ್ತೆಸೆದರು. ಎರಡನೆಯದು ಆಕೆಯ ಸ್ವಂತದ್ದು. ಮನಸ್ಸಿನ ಒಳಗಿನ ಗರ್ವ, ದ್ವೇಷ, ಪ್ರೀತಿಯ ಕೊರತೆ ಎಂದು ಯಾರು ಬೇಕಾದರೂ ತಮ್ಮ ಒಳಗೆ ಕಾಣಬಹುದಾದದ್ದು. ಅದಕ್ಕೆ ಪಾಂಡಿತ್ಯ ಸಾಲಲಿಲ್ಲ, ಕೃಪೆಯೇ ಬೇಕಾಯಿತು. ಮೊದಲನೆಯ ಹೊರೆ ಇಳಿದ ಮೇಲಷ್ಟೇ ಎರಡನೆಯದು ಆಕೆಗೆ ಸರಿಯಾಗಿ ಕಂಡದ್ದು. ನಮ್ಮ ಸೋದರತ್ತೆಗೆ ಆ ಅವಕಾಶವೇ ಸಿಗಲಿಲ್ಲ. ಮಾಡದ ಪಾಪಕ್ಕೆ ಅತ್ತು ಅತ್ತು ಅವರ ಆಯುಸ್ಸು ಮುಗಿಯಿತು. ಮನುಷ್ಯರೆಲ್ಲರಂತೆ ಅವರಿಗೂ ಇದ್ದಿರಬಹುದಾದ ಸಣ್ಣಪುಟ್ಟ ತಪ್ಪುಗಳನ್ನು ನೋಡಿಕೊಳ್ಳಲು, ನಕ್ಕು ಕ್ಷಮೆ ಕೇಳಲು ಅವರಿಗೆ ಪುರುಸೊತ್ತೇ ಇರಲಿಲ್ಲ. ಪಾಪದ ಬೋಧನೆ ಮಾಡುವವರು, ಅವರು ಯಾವ ಧರ್ಮದವರಾದರೂ ಸರಿ, ಹೆಂಗಸರ ಮುಂ​ದೆ ನಿಂತಾಗ ಈ ಎರಡನ್ನೂ ಬೇರೆ ಮಾಡಿ ಹೇಳಬೇಕೆಂದು ನನಗೆ ಅನ್ನಿಸುತ್ತದೆ.

ಆಕೆಯ ಎಲ್ಲ ಮಾತನ್ನೂ ನಾನು ಒಪ್ಪುತ್ತೇನೆಂದಲ್ಲ. ತಾನು ಹುಟ್ಟಿದ ಧರ್ಮ ಹೆಣ್ಣಿಗೆ ಏನೂ ಕೊಡಲಿಲ್ಲವೆಂದು ಆಕೆ ಬರೆಯುವಾಗ, ಹನ್ನೆರಡನೆಯ ಶತಮಾನದಲ್ಲೇ ಅರಮನೆ ಬಿಟ್ಟು ಹೊರಟ ಅಕ್ಕಮಹಾದೇವಿ ನೆನಪಾಗುತ್ತಾರೆ. ಹದಿನೆಂಟನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮ ನೆನಪಾಗುತ್ತಾರೆ. ಅವರು ಯಾರ ಅಪ್ಪಣೆಯನ್ನೂ ಕೇಳದೆ ದೇವರ ಕರುಣೆಯನ್ನು ಕನ್ನಡದಲ್ಲಿ ಹಾಡಿದವರು. ಆದರೆ ಅವರ ಹಾಡು ಹೇಳಿಕೊಂಡೇ ನಮ್ಮ ಮನೆಗಳು ವಿಧವೆಯ ತಲೆ ಬೋಳಿಸಿದವಲ್ಲ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಕೃಪೆ ಹಾಡಿನಲ್ಲಿ ಇತ್ತು, ಹಿತ್ತಲಿನ ಬಾಗಿಲಿನವರೆಗೆ ಬರಲಿಲ್ಲ.

ಪುಣೆಯ ಜಗಳವನ್ನೂ ಮುಚ್ಚಿಡಬಾರದು. ಶಾರದಾ ಸದನದಲ್ಲಿ ಮತಬೋಧನೆ ಇರುವುದಿಲ್ಲವೆಂದು ಮಾತಾಗಿತ್ತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡೇ ಪ್ರಾರ್ಥನೆ ಮಾಡುತ್ತಿದ್ದರು. ಕೆಲವು ಹುಡುಗಿಯರು ಬಂದು ಕೂರತೊಡಗಿದರು. 1893ರಲ್ಲಿ ಅದು ದೊಡ್ಡ ಗಲಾಟೆಯಾಯಿತು. ತಿಲಕರ ‘ಕೇಸರಿ’ ಕಟುವಾಗಿ ಬರೆಯಿತು. ಬೆಂಬಲಕ್ಕಿದ್ದ ಸುಧಾರಕರು ದೂರ ಸರಿದರು. ಹಲವು ಮನೆಯವರು ಹುಡುಗಿಯರನ್ನು ಕರೆದುಕೊಂಡು ಹೋದರು. ನಂಬಿ ಕಳಿಸಿದ ತಂದೆ ತಾಯಿಯರ ಆತಂಕ ಸುಳ್ಳಾಗಿರಲಿಲ್ಲ. ಅದೇ ಸದನದಲ್ಲಿ ಓದಿದ ಗೋದೂಬಾಯಿ ಎಂಬ ಬಾಲವಿಧವೆ ಹಿಂದೂವಾಗಿಯೇ ಉಳಿದು, ಅದೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರೆಂಬುದೂ ಸುಳ್ಳಲ್ಲ. ಕರ್ವೆಯವರು 1916ರಲ್ಲಿ ಕಟ್ಟಿದ ಮಹಿಳಾ ವಿಶ್ವವಿದ್ಯಾಲಯದ ಹಿಂದೆ ಆ ಮನೆಯ ನೆನಪೂ ಇದೆ.

ಕೃಪೆ ಬಿಟ್ಟಿಯಾಗಿ ಸಿಕ್ಕಿತೆಂದು ನಂಬಿದವರು ಕೈಕಟ್ಟಿ ಕೂರುತ್ತಾರೆಂಬ ಭಯ ಪೆಲಾಜಿಯಸನ ಕಾಲದಿಂದಲೂ ಇದೆ. ರಮಾಬಾಯಿಯವರ ವಿಷಯದಲ್ಲಿ ಆದದ್ದು ಬೇರೆ. 1896–97ರ ಬರಗಾಲದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ, ತಾನು ಅನುಭವಿಸಿದ ಹಸಿವನ್ನೇ ಮತ್ತೆ ಕಣ್ಣಾರೆ ಕಂಡು, ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಅವರಿಗಾಗಿ ಎದ್ದ ಊರಿನಂಥ ಮನೆಗೆ ಇಟ್ಟ ಹೆಸರು ‘ಮುಕ್ತಿ’. ತೊರೆದು ಬಂದ ಧರ್ಮದ ಮಾತನ್ನೇ ಆಕೆ ಅದಕ್ಕೆ ಆರಿಸಿಕೊಂಡಿದ್ದರು. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಮಿಕ್ಕಿ ಜನ. ನೇಯ್ಗೆ, ಹೊಲಿಗೆ, ಬೇಸಾಯ, ಹೈನು, ಅಚ್ಚುಕೂಟ ಎಲ್ಲದರಲ್ಲೂ ಹೆಂಗಸರೇ. ಮನೋರಮಾ ಬ್ರೈಲ್ ಲಿಪಿ ಕಲಿತು ಬಂದು ಕುರುಡು ಹುಡುಗಿಯರಿಗೆ ಓದು ಕಲಿಸಿದರು. ನಮ್ಮ ಗುಲ್ಬರ್ಗದಲ್ಲೂ 1912ರಲ್ಲಿ ತಾಯಿ ಮಗಳು ಸೇರಿ ಒಂದು ಶಾಲೆ ತೆರೆದರು, ಮನೋರಮಾ ಅದರ ಮುಖ್ಯೋಪಾಧ್ಯಾಯಿನಿಯಾಗಿದ್ದರು.

ಕೇಡಗಾಂವಿನ ಆ ಆವರಣದಲ್ಲಿ ಒಂದು ಮನೆಗೆ ‘ಕೃಪಾ ಸದನ’ ಎಂದು ಹೆಸರು. ಮೋಸಹೋದವರು, ಮಾರಾಟವಾದವರು, ಊರಿನವರು ಕೆಟ್ಟವರೆಂದು ಕರೆದವರು, ಬೇರೆಲ್ಲೂ ಜಾಗವಿಲ್ಲದವರು ಅಲ್ಲಿಗೆ ಬರುತ್ತಿದ್ದರು. ಫುಲ್‌ಹ್ಯಾಮಿನಲ್ಲಿ ಬೆರಗಿನಿಂದ ನೋಡಿ ಬಂದದ್ದನ್ನು ರಮಾಬಾಯಿಯವರು ಮರೆತಿರಲಿಲ್ಲ. ಸೋತು ಬಂದವರನ್ನು ಏನು ಪಾಪ ಮಾಡಿದೆ ಎಂದು ವಿಚಾರಿಸುವ ಮೊದಲು ಸ್ನಾನಕ್ಕೆ ನೀರು, ಉಡಲು ಬಟ್ಟೆ, ಉಣ್ಣಲು ಅನ್ನ ಬೇಕೆಂಬುದು ಬರ ಕಂಡ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಶ್ಚಾತ್ತಾಪ, ಪ್ರಾರ್ಥನೆ, ಕಣ್ಣೀರು ಅಲ್ಲಿ ಆಮೇಲೆ ಬಂದವು. 1905ರ ಜೂನ್‌ನಲ್ಲಿ ಮುಕ್ತಿಯ ಹುಡುಗಿಯರು ಗುಂಪುಗುಂಪಾಗಿ ಅತ್ತು ತಮ್ಮ ತಪ್ಪುಗಳನ್ನು ಹೇಳಿಕೊಂಡು ಗಟ್ಟಿಯಾಗಿ ಪ್ರಾರ್ಥಿಸತೊಡಗಿದ ಸುದ್ದಿ ಬೇರೆ ದೇಶಗಳಿಗೂ ಮುಟ್ಟಿತು. ಕೆಲವು ಪಾದ್ರಿಗಳಿಗೆ ಆ ಗದ್ದಲ ಹಿಡಿಸಲಿಲ್ಲ. ರಮಾಬಾಯಿಯವರು ಮಾತ್ರ, ನಮ್ಮ ಹೆಂಗಸರು ತಮ್ಮ ರೀತಿಯಲ್ಲಿ ದೇವರ ಹತ್ತಿರ ಮಾತಾಡಲಿ ಎಂದು ಬಿಟ್ಟರು.

ಕೊನೆಯ ವರ್ಷಗಳನ್ನು ಆಕೆ ಬೈಬಲ್ಲನ್ನು ಮೂಲ ಹೀಬ್ರೂ ಮತ್ತು ಗ್ರೀಕ್ ಭಾಷೆಗಳಿಂದ ಮರಾಠಿಗೆ ತರುವುದರಲ್ಲಿ ಕಳೆದರು. ಭಾಗವತದ 18,000 ಶ್ಲೋಕ ಬಾಯಿಪಾಠ ಎಂದು ಹೆಸರಾಗಿದ್ದ ಪಂಡಿತೆ ಈ ಕೆಲಸದಲ್ಲಿ ಸಂಸ್ಕೃತದ ಭಾರದ ಮಾತುಗಳನ್ನು ಬೇಕೆಂದೇ ಬಿಟ್ಟರು. ಬರಗಾಲದಲ್ಲಿ ಬಂದು ಈಗಷ್ಟೇ ಅಕ್ಷರ ಕಲಿತ ಹಳ್ಳಿಯ ಹೆಂಗಸು ಯಾರ ಸಹಾಯವೂ ಇಲ್ಲದೆ ಓದಿಕೊಳ್ಳಬೇಕು ಎಂಬುದು ಆಕೆಯ ಹಟ. ಅಚ್ಚಿನ ಮೊಳೆ ಜೋಡಿಸಿದವರೂ ಮುಕ್ತಿಯ ಹೆಂಗಸರೇ. 1921ರಲ್ಲಿ ಮಗಳು ಮನೋರಮಾ ತೀರಿಕೊಂಡರು. 1922ರ ಏಪ್ರಿಲ್ 5ರಂದು ತಾಯಿಯೂ ಹೋದರು. ಪುಸ್ತಕ ಹೊರಬಂದದ್ದು ಆಮೇಲೆ. 1989ರಲ್ಲಿ ಭಾರತ ಸರ್ಕಾರ ಆಕೆಯ ಚಿತ್ರದ ಅಂಚೆಚೀಟಿ ತಂದಿತು. ಕೇಡಗಾಂವಿನ ಮುಕ್ತಿ ಇಂದಿಗೂ ನಡೆಯುತ್ತಿದೆ, ದಿಕ್ಕಿಲ್ಲದ ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ಈಗಲೂ ಜಾಗವಿದೆ.